ಚೆಂಡು ಆಡಿ ದುಡಿಯುವುದೂ ದುಡಿಮೆಯೇ, ಮಾಸ್ತರೇ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಹೊರದೇಶದ ಕ್ಲಬ್ಬುಗಳಿಗೆ ಬಾಸ್ಕೆಟ್‌ಬಾಲ್ ಆಡುವ ನಮ್ಮ ದೇಶದವರ ಬಗ್ಗೆ ಅರ್ಧ ಪುಟ ಹೊಗಳಿ ಬರೆದಿದ್ದೀರಿ. ಓದಿ ಬೇಸರವಾಯಿತು. ದೇಶದ ಅಂಗಿ ಬಿಟ್ಟು ದುಡ್ಡಿಗೆ ಆಡುವವರು ಬಾಡಿಗೆ ಆಟಗಾರರು. ನನ್ನ ಮೊಮ್ಮಗಳು ಪಿಯುಸಿ ಓದುತ್ತಿದ್ದಾಳೆ. ಆರಡಿಗೆ ಒಂದಿಂಚು ಕಮ್ಮಿ. ಆಟ ಚೆನ್ನಾಗಿದೆ. ಕ್ರೀಡಾ ಕೋಟಾದಲ್ಲಿ ರೈಲ್ವೆ ನೌಕರಿ ಸಿಕ್ಕರೆ ಬದುಕು ನೆಟ್ಟಗಾಗುತ್ತದೆ ಅಂತ ನಾನು ಕಾಯುತ್ತಿದ್ದೆ. ನಿಮ್ಮ ಪತ್ರಿಕೆ ಓದಿದ ಮೇಲೆ ಫಾರಿನ್ ಅಂತ ಶುರು ಮಾಡಿದ್ದಾಳೆ. ನಿಮಗೇನು, ಬರೆದು ಸುಮ್ಮನಾಗುತ್ತೀರಿ.
ನಿವೃತ್ತ ಪಿ.ಟಿ. ಮಾಸ್ತರ್, ಭಾಲ್ಕಿ

ಸಂಪಾದಕರ ಉತ್ತರ:

ಮಾಸ್ತರೇ, ಬೈದು ಬರೆದರೂ ಒಂದು ಕಾಗುಣಿತ ತಪ್ಪಿಲ್ಲದೆ ಬರೆದಿದ್ದೀರಿ. ಈ ಕಾಲದಲ್ಲಿ ಸಂಪಾದಕನೊಬ್ಬ ಅದಕ್ಕೇ ಕೈಮುಗಿಯಬೇಕು. ಆದರೆ ಪತ್ರದ ಒಳಗಿನ ಮಾತಿಗೆ ಕೈಮುಗಿಯಲಾರೆ.

ಮೊದಲು ನಿಮ್ಮ ಕಡೆಯ ಮಾತು. ರೈಲ್ವೆ ನೌಕರಿ ಒಳ್ಳೆಯದು. ನಮ್ಮ ದೇಶದ ಬಾಸ್ಕೆಟ್‌ಬಾಲ್ ಇವತ್ತಿಗೂ ನಿಂತಿರುವುದು ರೈಲ್ವೆ, ಒಎನ್‌ಜಿಸಿ, ಸರ್ವೀಸಸ್ ಅಂದರೆ ಸೇನೆ, ಬ್ಯಾಂಕು ಇಂಥ ತಂಡಗಳ ಮೇಲೆ. ತಿಂಗಳು ತಿಂಗಳು ಸಂಬಳ, ಇರಲು ಕ್ವಾರ್ಟರ್ಸ್, ಓಡಾಡಲು ಪಾಸು. ಮೊಣಕಾಲು ಹೋದರೂ ಕುರ್ಚಿ ಹೋಗುವುದಿಲ್ಲ. ಒಪ್ಪಿದೆ. ಸರ್ಕಾರಿ ನೌಕರಿಯ ಸುಖವನ್ನು ಬೀದರ ಜಿಲ್ಲೆಯವರಿಗೆ ಇದಕ್ಕಿಂತ ಹೆಚ್ಚು ವಿವರಿಸುವ ಅಗತ್ಯವಿಲ್ಲ.

ಈಗ ಆ ‘ದೇಶದ ಅಂಗಿ’ಯ ಮಾತಿಗೆ ಬರೋಣ. 2014ರ ಜುಲೈನಲ್ಲಿ ಚೀನಾದ ವುಹಾನ್‌ನಲ್ಲಿ ಏಷ್ಯಾ ಕಪ್ ನಡೆಯಿತು. ಭಾರತ ಚೀನಾವನ್ನು 65-58ರಿಂದ ಸೋಲಿಸಿತು. ಅವರ ಊರಲ್ಲಿ, ಅವರ ಜನರ ಮುಂದೆ! ಅದಕ್ಕೆ ಮುಂಚೆ ನಾವು ಚೀನಾವನ್ನು ಸೋಲಿಸಿದ್ದೇ ಇಲ್ಲ. ಆ ತಂಡದಲ್ಲಿ ಅಮೃತ್‌ಪಾಲ್ ಸಿಂಗ್ ಇದ್ದರು, ಅಮ್‌ಜ್ಯೋತ್ ಸಿಂಗ್ ಇದ್ದರು. ಮುಂದೆ ಇಬ್ಬರೂ ಜಪಾನಿನ ಕ್ಲಬ್ಬಿಗೆ ಆಡಿದರು. 2017ರಲ್ಲಿ ಅಮೃತ್‌ಪಾಲ್ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ಸೇರಿದರು. ಅಮ್‌ಜ್ಯೋತ್ ಅಮೆರಿಕದ ದೊಡ್ಡ ಲೀಗು ಎನ್‌ಬಿಎಯ ಕೆಳಗಿನ ಹಂತವಾದ ಜಿ ಲೀಗಿನ ಒಕ್ಲಹೋಮಾ ಸಿಟಿ ಬ್ಲೂ ಸೇರಿದರು. ಅದೇ ವರ್ಷ ಭಾರತ ತಂಡದ ನಾಯಕ ವಿಶೇಷ್ ಭೃಗುವಂಶಿಗೆ ಅಡಿಲೇಡ್ 36ಅರ್ಸ್ ಕ್ಲಬ್ಬಿನ ಒಪ್ಪಂದ ಸಿಕ್ಕಿತು. ಹೊರಗೆ ಹೋಗಿದ್ದಕ್ಕೆ ಯಾರೂ ಅವರ ದೇಶಭಕ್ತಿ ಕಿತ್ತುಕೊಳ್ಳಲಿಲ್ಲ. 2020ರಲ್ಲಿ ವಿಶೇಷ್‌ಗೆ ಅರ್ಜುನ ಪ್ರಶಸ್ತಿ ಕೊಟ್ಟರು. ರಾಷ್ಟ್ರೀಯ ತಂಡ ಕರೆದಾಗ ಆಟಗಾರನನ್ನು ಬಿಟ್ಟುಕೊಡಬೇಕು ಅಂತ ಈ ಆಟದ ವಿಶ್ವ ಸಂಸ್ಥೆಯಾದ ಫಿಬಾದ ನಿಯಮವೇ ಇದೆ. ಅಂಗಿ ಬಿಟ್ಟವರು ಯಾರು, ಸ್ವಲ್ಪ ಹೇಳಿ?

ಮೊಮ್ಮಗಳ ವಿಷಯಕ್ಕೆ ಇನ್ನೂ ಹತ್ತಿರದ ಹೆಸರೊಂದು ಇದೆ. ಕೇರಳದ ಗೀತು ಅನ್ನಾ ಜೋಸ್. ಆರಡಿ ಎರಡಿಂಚು. ಆಕೆ ನೀವು ಹೇಳುವ ಅದೇ ರೈಲ್ವೆಯ ಆಟಗಾರ್ತಿಯಾಗಿದ್ದರು, ಭಾರತ ತಂಡದ ನಾಯಕಿಯಾಗಿದ್ದರು. ಆಕೆಯೇ 2006ರಲ್ಲಿ ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೆ ಆಡಲು ಹೋದರು. 2011ರಲ್ಲಿ ಅಮೆರಿಕದ ಹೆಣ್ಣುಮಕ್ಕಳ ಲೀಗು ಡಬ್ಲ್ಯುಎನ್‌ಬಿಎ ತಂಡಗಳ ಆಯ್ಕೆ ಪರೀಕ್ಷೆಗೂ ಹೋಗಿಬಂದರು. ಆಯ್ಕೆ ಆಗಲಿಲ್ಲ. ಆದರೆ ಅಲ್ಲಿವರೆಗೆ ಹೋದ ಭಾರತದ ಹೆಣ್ಣುಮಗಳು ಅದಕ್ಕೆ ಮುಂಚೆ ಇರಲಿಲ್ಲ. ರೈಲ್ವೆ ಅಥವಾ ಫಾರಿನ್ ಅಂತ ನೀವು ಎರಡು ಬಾಗಿಲು ತೋರಿಸುತ್ತಿದ್ದೀರಿ. ಆಕೆ ಎರಡರಲ್ಲೂ ಹೋಗಿಬಂದಿದ್ದಾರೆ.

ನಾನು ಈ ಆಟಗಾರರನ್ನು ಹೊಗಳಿದ್ದು ಅವರು ಹೀರೋಗಳು ಅಂತಲ್ಲ. ಅವರು ವಲಸೆ ಕಾರ್ಮಿಕರು. ಔರಾದ್ ಕಡೆಯಿಂದ ಪುಣೆಗೆ, ಹುಮನಾಬಾದಿನಿಂದ ಹೈದರಾಬಾದಿಗೆ, ಬೀದರಿನಿಂದ ದುಬೈಗೆ ಹೋಗುವವರ ಸಾಲಿನಲ್ಲೇ ನಾನು ಅವರನ್ನು ನಿಲ್ಲಿಸುತ್ತೇನೆ. ಅಂಗಡಿ ಬೇರೆ, ಕೂಲಿಯ ಲೆಕ್ಕ ಬೇರೆ, ಅಷ್ಟೆ. ಕ್ರೀಡಾಪುಟದವರು ಇದನ್ನು ಎಂದೂ ಬರೆಯುವುದಿಲ್ಲ. ಅವರಿಗೆ ಒಂದೋ ಪದಕ ಬೇಕು, ಇಲ್ಲಾ ಕೋಟಿ ಬೇಕು.

ಆ ಬದುಕು ಹೇಗಿರುತ್ತದೆ? ಯುರೋಪಿನಲ್ಲಾದರೆ ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಹೋಗಬೇಕು, ಬೇಸಿಗೆ ಹೊತ್ತಿಗೆ ವಾಪಸ್. ಸಂಬಳವನ್ನು ತೆರಿಗೆ ಕಳೆದು ಕೈಗೆ ಬರುವ ಲೆಕ್ಕದಲ್ಲೇ ಮಾತಾಡುತ್ತಾರೆ. ಮನೆ, ಒಂದು ಸಣ್ಣ ಕಾರು, ಹೋಗಿಬರುವ ವಿಮಾನದ ಟಿಕೆಟ್ ಸಾಮಾನ್ಯವಾಗಿ ಕ್ಲಬ್ಬಿನದು. ಇಳಿದ ಕೂಡಲೇ ಡಾಕ್ಟರ್ ಪರೀಕ್ಷೆ. ಅಲ್ಲಿ ಪಾಸಾಗದಿದ್ದರೆ ಸಹಿ ಹಾಕಿದ ಕಾಗದಕ್ಕೆ ಬೆಲೆ ಇಲ್ಲ. ದಿನಕ್ಕೆ ಎರಡು ಹೊತ್ತು ಪ್ರಾಕ್ಟೀಸು, ವಾರಕ್ಕೆ ಒಂದು ಅಥವಾ ಎರಡು ಆಟ. ಉಳಿದ ಹೊತ್ತು ಭಾಷೆ ಬಾರದ ಊರಿನಲ್ಲಿ ನಾಲ್ಕು ಗೋಡೆ.

ಹೆಚ್ಚಿನ ಲೀಗುಗಳಲ್ಲಿ ಹೊರದೇಶದವರ ಸಂಖ್ಯೆಗೆ ಮಿತಿ ಇದೆ. ಅವರನ್ನು ಇಂಪೋರ್ಟ್ ಅಂತಲೇ ಕರೆಯುತ್ತಾರೆ, ಸರಕಿನ ಹಾಗೆ. ದುಡ್ಡು ಜಾಸ್ತಿ ಕೊಟ್ಟು ತಂದಿರುತ್ತಾರೆ. ಹಾಗಾಗಿ ಅಂಕ ಅವನೇ ಹೊಡೆಯಬೇಕು. ಸತತ ಮೂರು ಆಟ ಸೋತರೆ ಸ್ಥಳೀಯ ಹುಡುಗನನ್ನು ಯಾರೂ ಕೇಳುವುದಿಲ್ಲ. ಇಂಪೋರ್ಟನ್ನು ಬದಲಿಸುತ್ತಾರೆ. ಸೀಸನ್ನಿನ ನಡುವೆ ಫೋನ್ ಬರುತ್ತದೆ, ಮರುದಿನ ಟಿಕೆಟ್ ಬರುತ್ತದೆ.

ದಕ್ಷಿಣ ಕೊರಿಯಾದ ಕಥೆ ಕೇಳಿ. 2018ರಲ್ಲಿ ಅಲ್ಲಿನ ಲೀಗು ಹೊರದೇಶದ ಆಟಗಾರ 200 ಸೆಂಟಿಮೀಟರ್ ದಾಟಬಾರದು ಅಂತ ನಿಯಮ ಮಾಡಿತು. ಡೇವಿಡ್ ಸೈಮನ್ ಅನ್ನುವ ಅಮೆರಿಕದವನು ಅದೇ ತಾನೆ ಮುಗಿದ ಸೀಸನ್ನಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಹೊಡೆದಿದ್ದ. ಅವನನ್ನು ನಿಲ್ಲಿಸಿ ಅಳೆದರು. 202.1 ಬಂತು. ಲೀಗಿನಿಂದ ಹೊರಗೆ. ಬಾಸ್ಕೆಟ್‌ಬಾಲ್ ಆಡುವವನನ್ನು ಎತ್ತರ ಜಾಸ್ತಿಯಾಯಿತು ಅಂತ ತೆಗೆದರು, ಮಾಸ್ತರೇ! ಜಗತ್ತೆಲ್ಲ ನಕ್ಕಿತು, ಮರುವರ್ಷ ನಿಯಮ ಹೋಯಿತು. ಸೈಮನ್ನನ ಆ ಸಂಬಳವೂ ಹೋಗಿತ್ತು.

ಇದನ್ನೆಲ್ಲ ಓದುವಾಗ ನನಗೆ ಬೇರೆ ದೇಶದ ಕಥೆ ಅನ್ನಿಸುವುದಿಲ್ಲ. ನಾವು ಬೀದರಿನವರು. ಹೊರಗಿನವರನ್ನು ಕರೆಸಿ, ದುಡಿಸಿಕೊಂಡು, ಕೊನೆಗೆ ಅವರ ಮೇಲೇ ಹೊರೆಸುವುದು ನಮ್ಮ ಕೋಟೆಯ ಹಳೇ ಚಾಳಿ. ಬಹಮನಿ ದರ್ಬಾರಿನಲ್ಲಿ ಸಮುದ್ರ ದಾಟಿ ಬಂದ ಆಫಾಕಿಗಳದು ಒಂದು ಗುಂಪು, ಇಲ್ಲಿನ ದಖ್ಖನಿಗಳದು ಇನ್ನೊಂದು. ಮಹಮೂದ್ ಗವಾನ್ ಇರಾನಿನ ಗಿಲಾನಿನಿಂದ 1453ರ ಸುಮಾರಿಗೆ ವ್ಯಾಪಾರಕ್ಕೆ ಬಂದವನು. ಪ್ರಧಾನಿಯಾದ. ಕೊಂಕಣ ಗೆದ್ದ, ಗೋವಾ ಗೆದ್ದ, ಆಡಳಿತ ತಿದ್ದಿದ. 1472ರಲ್ಲಿ ಆ ಮದರಸಾ ಕಟ್ಟಿದ. ಈಗ ನಾವು ಅದರ ಮುಂದೆ ನಿಂತು ಮದುವೆ ಫೋಟೋ ತೆಗೆಸಿಕೊಳ್ಳುತ್ತೇವೆ. 1481ರಲ್ಲಿ ಅವನ ಮುದ್ರೆ ಒತ್ತಿದ ಸುಳ್ಳು ಪತ್ರವೊಂದನ್ನು ಸುಲ್ತಾನನಿಗೆ ತೋರಿಸಿದರು. ವಿಚಾರಣೆ ಇಲ್ಲ, ತಲೆ ತೆಗೆಸಿದರು. ಅವನು ಹೋದ ಮೇಲೆ ರಾಜ್ಯ ಐದು ಹೋಳಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ನೀವು ಹೇಳುವ ಬಾಡಿಗೆ ಆಟಗಾರ ಅಂದರೆ ಇವನೇ ಅಲ್ವಾ? ಇವನಿಗಿಂತ ಜಾಸ್ತಿ ಈ ಊರಿಗೆ ಕೊಟ್ಟ ಸ್ಥಳೀಯರ ಪಟ್ಟಿ ಮಾಡಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ. ಪಟ್ಟಿ ಚಿಕ್ಕದಿರುತ್ತದೆ, ಜಾಗದ ತೊಂದರೆ ಆಗುವುದಿಲ್ಲ.

ಗವಾನನ ಕಾಲದಲ್ಲೇ ಅಫನಾಸಿ ನಿಕಿತಿನ್ ಅಂತ ರಷ್ಯಾದ ವ್ಯಾಪಾರಿಯೊಬ್ಬ ಇಲ್ಲಿಗೆ ಬಂದಿದ್ದ. ತಂದ ಕುದುರೆಯನ್ನು ಬೀದರಿನಲ್ಲೇ ಮಾರಿದ. ಅವನ ಟಿಪ್ಪಣಿಗಳಲ್ಲಿ ಸುಲ್ತಾನನ ಮೆರವಣಿಗೆ ಇದೆ, ಆನೆಗಳಿವೆ. ನನ್ನನ್ನು ಹಿಡಿದಿದ್ದು ಬೇರೆ ಸಂಗತಿ. ದಾರಿಯಲ್ಲಿ ದರೋಡೆಯಾಗಿ ಅವನ ಪುಸ್ತಕಗಳು ಹೋಗಿದ್ದವು. ಅದರಿಂದ ತನ್ನ ಹಬ್ಬ ಯಾವತ್ತು ಅನ್ನುವುದೇ ಅವನಿಗೆ ಗೊತ್ತಾಗುತ್ತಿರಲಿಲ್ಲ. ಈಸ್ಟರ್ ಎಂದು, ಕ್ರಿಸ್‌ಮಸ್ ಎಂದು, ಉಪವಾಸ ಎಂದು? ಮತ್ತೆ ಮತ್ತೆ ಅದನ್ನೇ ಹೇಳಿಕೊಂಡು ಒದ್ದಾಡುತ್ತಾನೆ. ಇವತ್ತಿನ ಆಟಗಾರನ ಕೈಯಲ್ಲಿ ಫೋನಿದೆ, ತಾರೀಖು ತಪ್ಪುವುದಿಲ್ಲ. ಆದರೆ ದೀಪಾವಳಿ ದಿನ ಸಂಜೆ ಏಳಕ್ಕೆ ಆಟ ಇದ್ದರೆ ಆಡಲೇಬೇಕು.

ಹೆಂಡತಿ-ಮಕ್ಕಳನ್ನು ಕರೆದೊಯ್ದವರೂ ಇದ್ದಾರೆ. ಜೋ ಬ್ರಯಂಟ್ ಅನ್ನುವವರು ಎನ್‌ಬಿಎಯಲ್ಲಿ ಜಾಗ ಮುಗಿದ ಮೇಲೆ 1984ರಲ್ಲಿ ಇಟಲಿಗೆ ಹೋದರು. ರಿಯೇತಿ ಅನ್ನುವ ಸಣ್ಣ ಊರಿನಿಂದ ಶುರು. ಜೊತೆಗಿದ್ದ ಆರು ವರ್ಷದ ಮಗ ಅಲ್ಲಿನ ಶಾಲೆ ಸೇರಿ ಇಟಾಲಿಯನ್ ಕಲಿತ, ಅಲ್ಲಿನ ಅಂಗಳದಲ್ಲಿ ಆಟ ಕಲಿತ. ಅವನೇ ಮುಂದೆ ಎನ್‌ಬಿಎಯ ದೊಡ್ಡ ತಾರೆಯಾದ ಕೋಬಿ ಬ್ರಯಂಟ್. ‘ಬಾಡಿಗೆ’ ಅಪ್ಪನ ಮಗ.

ಹೆಣ್ಣುಮಕ್ಕಳ ಕಥೆ ಇನ್ನೂ ಖಾರ. ಅಮೆರಿಕದ ದೊಡ್ಡ ಆಟಗಾರ್ತಿಯರೇ ವರ್ಷಗಟ್ಟಲೆ ರಷ್ಯಾ, ಟರ್ಕಿ ಕಡೆ ದುಡಿದರು. ಕಾರಣ ಸರಳ, ಮನೆಯ ಲೀಗಿನಲ್ಲಿ ಸಂಬಳ ಕಮ್ಮಿ. ಡಯಾನಾ ಟೌರಾಸಿಗೆ ರಷ್ಯಾದ ಎಕಟೆರಿನ್‌ಬರ್ಗ್ ಕ್ಲಬ್ಬು ಎಷ್ಟು ಕೊಡುತ್ತಿತ್ತೆಂದರೆ, 2015ರಲ್ಲಿ ಅಮೆರಿಕದ ಸೀಸನ್ ಆಡದೆ ವಿಶ್ರಾಂತಿ ತೆಗೆದುಕೋ ಅಂತ ದುಡ್ಡು ಕೊಟ್ಟಿತು. ಅದೇ ಕ್ಲಬ್ಬಿನ ಬ್ರಿಟ್ನಿ ಗ್ರೈನರ್‌ಳನ್ನು 2022ರ ಫೆಬ್ರವರಿಯಲ್ಲಿ ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಹಿಡಿದರು. ಚೀಲದಲ್ಲಿ ಗಾಂಜಾ ಎಣ್ಣೆ ಇತ್ತು ಅಂತ ಕೇಸು, ಒಂಬತ್ತು ವರ್ಷ ಶಿಕ್ಷೆ. ಡಿಸೆಂಬರಿನಲ್ಲಿ ಕೈದಿಗಳ ಅದಲುಬದಲಿನಲ್ಲಿ ಬಿಡುಗಡೆ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ನೀವು ಈಗಾಗಲೇ ಹೆದರಿದ್ದೀರಿ. ಇದು ದುಡಿಯಲು ಹೋದವರೆಲ್ಲರ ಅಪಾಯ ಅಂತ ಹೇಳುತ್ತಿದ್ದೇನೆ. ಪರದೇಶದ ಕಾನೂನು ಎತ್ತರ ನೋಡುವುದಿಲ್ಲ.

ಕೂಲಿ ಸಿಗದೇ ಹೋಗುವುದೂ ಇದೆ. ಎರಡು ತಿಂಗಳ ಸಂಬಳ ಬಾಕಿ, ಮೂರು ತಿಂಗಳ ಸಂಬಳ ಬಾಕಿ ಅನ್ನುವುದು ಈ ಕಸುಬಿನ ಹಳೇ ರೋಗ. ಆದರೆ ಇಲ್ಲಿ ಒಂದು ಮದ್ದು ಇದೆ. ಅದು ನಮ್ಮ ಊರಿನ ಕೂಲಿಗಳಿಗೆ ಇಲ್ಲ. 2007ರಲ್ಲಿ ಫಿಬಾ ಒಂದು ಪಂಚಾಯ್ತಿ ಕಟ್ಟೆ ಹಾಕಿತು. ಈಗ ಅದಕ್ಕೆ ಬಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯುನಲ್ ಅನ್ನುತ್ತಾರೆ, ಜಿನೀವಾ ಅದರ ನೆಲೆ. ಒಬ್ಬನೇ ಪಂಚ. ಯಾವ ದೇಶದ ಕಾನೂನು ಅಂತ ವರ್ಷಗಟ್ಟಲೆ ಎಳೆಯುವುದಿಲ್ಲ, ನ್ಯಾಯ ಏನು ಅಂತ ನೋಡಿ ತೀರ್ಪು ಕೊಡುತ್ತಾನೆ. ತೀರ್ಪಿಗೂ ಬಗ್ಗದ ಕ್ಲಬ್ಬು ಹೊಸ ಆಟಗಾರರನ್ನು ಸೇರಿಸಿಕೊಳ್ಳದಂತೆ ತಡೆ ಬೀಳುತ್ತದೆ. ಒಂದೇ ಷರತ್ತು. ಒಪ್ಪಂದದಲ್ಲಿ ಈ ಪಂಚಾಯ್ತಿಯ ಸಾಲು ಮೊದಲೇ ಬರೆದಿರಬೇಕು.

ನನ್ನ ಸಿಟ್ಟು ಇರುವುದು ಇಲ್ಲಿ. ಆ ಸಾಲು ಇದೆಯೋ ಇಲ್ಲವೋ ಅಂತ ನೋಡುವ ಅಭ್ಯಾಸ ನಮ್ಮ ಮಕ್ಕಳಿಗೆ ಯಾರು ಕಲಿಸಿದ್ದಾರೆ? ನನ್ನ ಪರಿಚಯದ ಹುಡುಗನೊಬ್ಬ ಕೊಲ್ಲಿ ದೇಶಕ್ಕೆ ವೆಲ್ಡಿಂಗ್ ಕೆಲಸಕ್ಕೆ ಹೋದ. ಕಾಗದದಲ್ಲಿ ಏನಿತ್ತು ಅಂತ ಕೇಳಿದರೆ ‘ಸಹಿ ಮಾಡೋ ಜಾಗ ಇತ್ರಿ’ ಅಂದ. ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದಿದ್ದು ಒಳ್ಳೆಯದಾಯಿತು, ಅದರಿಂದ ಸೀಟು ಸಿಕ್ಕಿದವರನ್ನೂ ನೌಕರಿ ಸಿಕ್ಕಿದವರನ್ನೂ ಬಲ್ಲೆ. ಆದರೆ ಅದು ಬಂದ ಮೇಲೆ ನೇಮಕಾತಿ ಪ್ರಕಟಣೆ ಬಿಟ್ಟು ಬೇರೆ ಕಾಗದವನ್ನೇ ನಾವು ಓದುತ್ತಿಲ್ಲ. ಮನೆಯಲ್ಲಿ ಮಗು ಎತ್ತರ ಬೆಳೆದರೆ ಪೊಲೀಸ್ ನೇಮಕಾತಿಗೆ ಆಯಿತು ಅನ್ನುತ್ತೇವೆ.

ಮೈದಾನದ ಮಾತು ಕೇಳಲೇಬೇಡಿ. ನಮ್ಮ ಭಾಗದ ಒಂದು ಶಾಲೆಯಲ್ಲಿ ಕಂಬ ಹಾಗೇ ಬಿಟ್ಟು ನೆಲಕ್ಕೆ ಮೇಲಿಂದ ಮೇಲೆ ಕಾಂಕ್ರೀಟ್ ಹಾಕಿದ್ದಾರೆ. ರಿಂಗು ನೆಲದಿಂದ 3.05 ಮೀಟರ್ ಇರಬೇಕು. ಅಲ್ಲಿ ಒಂದು ಗೇಣು ಕಮ್ಮಿ. ಮಕ್ಕಳು ಅಲ್ಲಿ ಕಲಿತು ಹೊರಗಿನ ಟೂರ್ನಿಗೆ ಹೋದರೆ ಎಲ್ಲ ಚೆಂಡೂ ರಿಂಗಿನ ಮುಂದಿನ ಅಂಚಿಗೆ ಬಡಿಯುತ್ತದೆ. ಹೇಳಿದರೆ ಅನುದಾನ ಬಂದಿತ್ತು, ಖರ್ಚಾಗಿದೆ ಅನ್ನುತ್ತಾರೆ. ಖರ್ಚಾಗಿದ್ದು ಕಾಣುತ್ತದೆ, ಕಾಲ ಕೆಳಗೇ ಇದೆ.

ಬೀದರಿನ ಗುರುದ್ವಾರ ನಾನಕ ಝೀರಾಕ್ಕೆ ಬರುವ ಪಂಜಾಬಿ ಯಾತ್ರಿಕರನ್ನು ನೋಡಿ, ಅವರ ರಕ್ತದಲ್ಲೇ ಎತ್ತರ ಇದೆ, ನಮ್ಮದೇನು ಅಂತ ಸಮಾಧಾನ ಮಾಡಿಕೊಳ್ಳುವವರೂ ಇದ್ದಾರೆ. ಗುರು ಗೋಬಿಂದ ಸಿಂಗರ ಪಂಚ ಪ್ಯಾರೇ ಅನ್ನುವ ಐವರು ಆಪ್ತ ಶಿಷ್ಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಇದೇ ಬೀದರಿನಿಂದ ಹೋದವರು ಅನ್ನುವುದು ಅವರಿಗೆ ಮರೆತಿರುತ್ತದೆ. ರಕ್ತ ಒಂದೇ ಸಾಲದು, ತಿದ್ದುವವರೂ ಬೇಕು. ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋ ಕೆ ಅನ್ನುವ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್. ಅವನನ್ನು ತಿದ್ದಲು ಲುಧಿಯಾನದಲ್ಲಿ ಒಂದು ಅಕಾಡೆಮಿ ಇತ್ತು. ಹದಿನಾಲ್ಕನೇ ವಯಸ್ಸಿಗೆ ಫ್ಲೋರಿಡಾಕ್ಕೆ ಹೋದ. 2015ರಲ್ಲಿ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವಾಗ ಡಲ್ಲಾಸ್ ಮ್ಯಾವರಿಕ್ಸ್ ಅವನನ್ನು 52ನೆಯವನಾಗಿ ಆರಿಸಿಕೊಂಡಿತು. ಎನ್‌ಬಿಎ ಪಂದ್ಯ ಆಡಲು ಆಗಲಿಲ್ಲ, ಟೆಕ್ಸಾಸಿನ ಕೆಳಗಿನ ಲೀಗಿನಲ್ಲಿ ಆಡಿದ, ಆಮೇಲೆ ಕೆನಡಾದಲ್ಲಿ ಆಡಿದ. ನಮ್ಮ ಪತ್ರಿಕೆಗಳು ‘ಸೋತ’ ಅಂತ ಬರೆದವು. ಸಂಬಳ ತೆಗೆದುಕೊಂಡು ಎರಡು ದೇಶದಲ್ಲಿ ತನ್ನ ಕಸುಬು ಮಾಡಿದವನು ಸೋತದ್ದು ಹೇಗೆ? ನಮ್ಮೂರಿನ ಎಂಜಿನಿಯರ್ ಹುಡುಗ ಗೂಗಲ್ ಸೇರದೆ ಬೇರೆ ಕಂಪನಿ ಸೇರಿದರೆ ಸೋತ ಅನ್ನುತ್ತೇವೆಯೇ? ಊರ ತುಂಬ ಪೇಢಾ ಹಂಚುತ್ತೇವೆ.

ಮೊಮ್ಮಗಳಿಗೆ ಇಷ್ಟು ಹೇಳಿ. ರೈಲ್ವೆಗೂ ಅರ್ಜಿ ಹಾಕಲಿ. ಪಾಸ್‌ಪೋರ್ಟ್ ಮಾತ್ರ ಈಗಲೇ ಮಾಡಿಸಲಿ, ವಯಸ್ಸಿನ ದಾಖಲೆ ಎಲ್ಲ ಕಡೆ ಒಂದೇ ಇರಲಿ. ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗಲು ಇಲ್ಲಿನ ಫೆಡರೇಷನ್ನಿನ ಕ್ಲಿಯರೆನ್ಸ್ ಪತ್ರ ಬೇಕು, ಅದು ಗೊತ್ತಿರಲಿ. ಏಜೆಂಟ್ ಅಂತ ಬರುವವನಿಗೆ ಫಿಬಾ ಲೈಸೆನ್ಸ್ ಇದೆಯಾ ನೋಡಿ. ಮುಂಗಡ ದುಡ್ಡು ಕೇಳಿದರೆ ಬಾಗಿಲಿಂದಲೇ ಕಳಿಸಿ. ಒಪ್ಪಂದ ಕೈಗೆ ಬಂದರೆ ಮೊದಲು ಜಿನೀವಾದ ಸಾಲು ಹುಡುಕಿ. ಆಮೇಲೆ ಗಾಯವಾದರೆ ಸಂಬಳ ಯಾರು ಕೊಡುತ್ತಾರೆ ಅನ್ನುವ ಸಾಲು. ಇಂಗ್ಲಿಷ್ ಕಷ್ಟವಾದರೆ ಕಾಗದ ಹಿಡಿದು ನಮ್ಮ ಕಚೇರಿಗೆ ಬನ್ನಿ, ಕೂತು ಓದೋಣ. ಶನಿವಾರ ಮಾತ್ರ ಬೇಡ, ಅವತ್ತು ಸಂಚಿಕೆ ಅಚ್ಚಿಗೆ ಹೋಗುತ್ತದೆ.