ಕಡ್ಡಿ ಮುರಿದ ಹಾಗೆ

ಓದುಗರೊಬ್ಬರು ಕೇಳಿದ್ದಾರೆ: "ಇಂಗ್ಲಿಷಿನ ಸಡನ್, ಅಬ್ರಪ್ಟ್ ಎರಡಕ್ಕೂ ಕನ್ನಡದಲ್ಲಿ ಹಠಾತ್ ಅಂದರೆ ಸಾಕಲ್ವಾ? ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?"

ಅವಸರದ ಸುದ್ದಿಗೆ ಸಾಕು, ಒಪ್ಪುತ್ತೇನೆ. ಆದರೆ ಪತ್ರವನ್ನು ಇಷ್ಟು ಚೆಂದದ ಕನ್ನಡದಲ್ಲಿ ಬರೆದ ನೀವೇ ಹೀಗೆ ಕೇಳಿದರೆ ಹೇಗೆ?

ಅಬ್ರಪ್ಟ್ ಹುಟ್ಟಿದ್ದು ಲ್ಯಾಟಿನ್ನಿನಲ್ಲಿ. 'ಅಬ್' ಅಂದರೆ ಆಚೆಗೆ, 'ರುಂಪೆರೆ' ಅಂದರೆ ಮುರಿ. ಎರಡೂ ಸೇರಿ 'ಮುರಿದು ಬೇರೆಯಾದದ್ದು'. ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ. ರಪ್ಚರ್, ಇಂಟರಪ್ಟ್, ಕರಪ್ಟ್ ಎಲ್ಲ ಅದೇ ಮನೆಯ ಮಕ್ಕಳು. ಸಡನ್ ಬೇರೆ ಮನೆಯದು. ಅದರ ಲ್ಯಾಟಿನ್ ಬೇರಿನಲ್ಲಿ ಗೊತ್ತಾಗದ ಹಾಗೆ ಹತ್ತಿರ ಬರುವ ಅರ್ಥ ಇದೆ. ಅಂದರೆ ಸಡನ್ ಬಂದು ಎರಗುತ್ತದೆ, ಅಬ್ರಪ್ಟ್ ನಡೆಯುತ್ತಿದ್ದದ್ದನ್ನು ಮುರಿಯುತ್ತದೆ.

ಒಂದು ಹುಣಸೆ ಎಲೆ ಕಿತ್ತು ನೋಡಿ. ಕಡ್ಡಿಯ ಎರಡೂ ಕಡೆ ಜೋಡಿ ಜೋಡಿ ಕಿರುಎಲೆ, ಕೊನೆಗೂ ಒಂದು ಜೋಡಿ, ಅಷ್ಟೇ. ಗುಲಾಬಿ ಎಲೆಯಲ್ಲಿರುವ ಹಾಗೆ ತುದಿಗೊಂದು ಒಂಟಿ ಎಲೆ ಇಲ್ಲ. ಈ ಜೋಡಣೆಗೆ ಸಸ್ಯಶಾಸ್ತ್ರದವರು 'ಅಬ್ರಪ್ಟ್ಲಿ ಪಿನ್ನೇಟ್' ಅನ್ನುತ್ತಾರೆ. ಇಲ್ಲಿ ಹಠಾತ್ ಎಲ್ಲಿಂದ ಬಂತು ಹೇಳಿ? ಕಡಿದಾದ ಬಂಡೆಗೂ ಇದೇ ಪದ ಹೇಳುತ್ತಾರೆ, ಅದು ಸಾವಿರಾರು ವರ್ಷದಿಂದ ಅಲ್ಲೇ ನಿಂತಿದ್ದರೂ.

ಮುಲಾಜಿಲ್ಲದೆ ತುಂಡಾಗಿ ಮಾತಾಡುವವನನ್ನೂ ಇಂಗ್ಲಿಷಿನಲ್ಲಿ ಅಬ್ರಪ್ಟ್ ಅನ್ನುತ್ತಾರೆ. ಹೋದ ಸಲ ನನ್ನ ಮೇಜಿಗೆ ಬಂದ ಒಂದು ಅನುವಾದದಲ್ಲಿ ಅದು "ಅವನು ಹಠಾತ್ತಾಗಿ ಮಾತಾಡುವ ಮನುಷ್ಯ" ಅಂತ ಆಗಿತ್ತು. ಓದಿ ನಿಜವಾಗಿ ಬೇಜಾರಾಯಿತು. ನಾವು 'ಕಡ್ಡಿ ಮುರಿದ ಹಾಗೆ ಹೇಳಿದ' ಅನ್ನುವುದಿಲ್ಲವೇ? ಲ್ಯಾಟಿನ್ ಆಡುತ್ತಿದ್ದವರಿಗೆ ಹೊಳೆದ ಮುರಿತವೇ ನಮ್ಮವರಿಗೂ ಹೊಳೆದಿದೆ, ಅದೂ ಕೈಯಲ್ಲಿ ಒಂದು ಕಡ್ಡಿ ಹಿಡಿದು! ನಡೆಯುತ್ತಿದ್ದವನು ಗಕ್ಕನೆ ನಿಲ್ಲುತ್ತಾನೆ. ಉತ್ತರ ಥಟ್ಟನೆ ಬರುತ್ತದೆ. ಬೆಳಕು ಫಕ್ಕನೆ ಹೊತ್ತುತ್ತದೆ. ಒಂದೊಂದಕ್ಕೂ ಅದರದೇ ಸದ್ದು ಇದೆ. ಇಷ್ಟೆಲ್ಲ ಇಟ್ಟುಕೊಂಡು, ನಿಘಂಟಿನ ಮೊದಲ ಸಾಲಿನಲ್ಲಿ ಸಿಕ್ಕಿದ್ದನ್ನು ಸುಮ್ನೆ ಎತ್ತಿ ಅಂಟಿಸುತ್ತೇವೆ. ಈಗ ಮೊಬೈಲ್ ಅನುವಾದ ಬಂದ ಮೇಲಂತೂ ಇದು ಜಾಸ್ತಿಯಾಗಿದೆ, ಪಠ್ಯ, ಸುದ್ದಿ, ಸರ್ಕಾರಿ ಸುತ್ತೋಲೆ ಎಲ್ಲದರಲ್ಲೂ ಒಂದೇ ರುಚಿಯ ಕನ್ನಡ.

ಆ ಅನುವಾದಕರಿಗೆ ಪ್ರತಿ ವಾಪಸ್ ಕಳಿಸಿದೆ. ತಿದ್ದಿ ಬಂದ ಸಾಲು ಹೀಗಿತ್ತು: "ಅವನದು ಕಡ್ಡಿ ಮುರಿದಂಥ ಮಾತು."