1950-60ರ ದಶಕದ ಯುರೋಪಿಯನ್ ಕಾರುಗಳ ಹಳೆಯ ರೋಡ್ ಟೆಸ್ಟ್‌ಗಳನ್ನು ಈಗ ಓದಿದರೆ ಎಷ್ಟರಮಟ್ಟಿಗೆ ನಂಬಬಹುದು?

ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. 1961ರಲ್ಲಿ ಜಾಗ್ವಾರ್ ಇ-ಟೈಪ್ ಎಂಬ ಸ್ಪೋರ್ಟ್ಸ್ ಕಾರು ಗಂಟೆಗೆ 150 ಮೈಲಿ ಓಡಿತೆಂದು ಬ್ರಿಟನ್ನಿನ ಪತ್ರಿಕೆಗಳು ಬರೆದದ್ದು ನಿಜವೇ ಎಂಬುದು ಒಂದು. ಅಂಥ ಹಳೆಯ ಸಂಚಿಕೆಗಳ ಕಟ್ಟನ್ನು ದುಡ್ಡು ಕೊಟ್ಟು ಕೊಳ್ಳುವುದರಲ್ಲಿ ಅರ್ಥವಿದೆಯೇ ಎಂಬುದು ಇನ್ನೊಂದು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಕೈಗೆ ಸಿಕ್ಕ ‘ಆಟೋಕಾರ್’ ಮತ್ತು ‘ಮೋಟಾರ್’ ಸಂಚಿಕೆಗಳನ್ನು ಸುಮಾರು ಇಪ್ಪತ್ತು ವರ್ಷಗಳಿಂದ ಕೂಡಿಡುತ್ತ ಬಂದಿದ್ದೇನೆ. ಆ ಓದಿನಿಂದ ನನಗೆ ಮನದಟ್ಟಾದದ್ದಿಷ್ಟು: ದೊಡ್ಡಕ್ಷರದ ಅಂಕಿಗಳನ್ನು ಸ್ವಲ್ಪ ಅನುಮಾನದಿಂದಲೂ ಸಣ್ಣಕ್ಷರದ ದೂರುಗಳನ್ನು ಪೂರ್ಣ ವಿಶ್ವಾಸದಿಂದಲೂ ಓದಬೇಕು.

ಮೊದಲು ಜಾಗ್ವಾರ್ ವಿಷಯ. 1961ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಕಾರು ಅನಾವರಣಗೊಂಡ ಸಮಯಕ್ಕೇ ಸರಿಯಾಗಿ ಎರಡೂ ಪತ್ರಿಕೆಗಳ ಪರೀಕ್ಷಾ ವರದಿಗಳು ಪ್ರಕಟವಾದವು. ‘ಆಟೋಕಾರ್’ ಓಡಿಸಿದ್ದು 9600 ಎಚ್‌ಪಿ ಎಂಬ ನೋಂದಣಿಯ ಕೂಪೆಯನ್ನು, ಅಂದರೆ ಮುಚ್ಚಿದ ಮಾಡಿನ ಕಾರನ್ನು. ಅದು ಗಂಟೆಗೆ 150.4 ಮೈಲಿ, ಅಂದರೆ ಸುಮಾರು 242 ಕಿಲೋಮೀಟರ್ ಮುಟ್ಟಿತು. ‘ಮೋಟಾರ್’ ಓಡಿಸಿದ 77 ಆರ್‌ಡಬ್ಲ್ಯೂ ಎಂಬ ತೆರೆದ ಕಾರು 149.1 ಮೈಲಿಗೆ ನಿಂತಿತು. ಈ ಅಂಕಿಗಳನ್ನು ಯಾರೂ ಕಲ್ಪಿಸಿಕೊಂಡು ಬರೆದಿಲ್ಲ, ಕಾರುಗಳು ನಿಜಕ್ಕೂ ಅಷ್ಟು ಓಡಿದವು. ಆದರೆ ಪತ್ರಿಕೆಗಳಿಗೆಂದು ಕೊಟ್ಟ ಆ ಎರಡು ಕಾರುಗಳ ಎಂಜಿನುಗಳನ್ನು ಕಾರ್ಖಾನೆಯವರು ವಿಶೇಷ ಜಾಗ್ರತೆಯಿಂದ ಜೋಡಿಸಿದ್ದರು, ಗರಿಷ್ಠ ವೇಗದ ಓಟಕ್ಕೆ ಡನ್‌ಲಪ್‌ನ ಆರ್5 ರೇಸಿಂಗ್ ಟೈರುಗಳನ್ನು ಹಾಕಿದ್ದರು. ಷೋರೂಮಿನಿಂದ ಮನೆಗೆ ಒಯ್ದ ಗಿರಾಕಿಯ ಕಾರು 140 ಮೈಲಿಯ ಆಸುಪಾಸಿನಲ್ಲೇ ಏದುಸಿರು ಬಿಡುತ್ತಿತ್ತು. ಹುಡುಗಿ ತೋರಿಸುವ ದಿನ ಉಟ್ಟ ಸೀರೆಯಂತೆ ಪತ್ರಿಕೆಯವರಿಗೆ ಕೊಟ್ಟ ಕಾರು. ಸೀರೆ ನಿಜ, ದಿನವೂ ಅದನ್ನೇ ಉಡುತ್ತಾರೆಂದುಕೊಂಡರೆ ತಪ್ಪು ನಮ್ಮದು.

ಅಳತೆಯ ವಿಧಾನದ ಬಗ್ಗೆ ಮಾತ್ರ ನನಗೆ ಅಪಾರ ಗೌರವವಿದೆ. ಕಾರಿನ ಸ್ಪೀಡೋಮೀಟರನ್ನು ಅವರು ನಂಬುತ್ತಲೇ ಇರಲಿಲ್ಲ. ಸೈಕಲ್ಲಿನ ಗಾಲಿಯಂಥ ಐದನೆಯ ಚಕ್ರವೊಂದನ್ನು ಹಿಂದಿನ ಬಂಪರಿಗೆ ಬಿಗಿದು, ಅದರಿಂದ ತಂತಿ ಎಳೆದು, ಚಾಲಕನ ಪಕ್ಕದಲ್ಲಿ ಕುಳಿತವನ ಮುಂದಿದ್ದ ನಿಖರವಾದ ಮೀಟರಿಗೆ ಜೋಡಿಸುತ್ತಿದ್ದರು. ಅವನ ಕೈಯಲ್ಲಿ ಸ್ಟಾಪ್‌ವಾಚು. ಗಾಳಿಯ ಪ್ರಭಾವ ಕಳೆಯಲೆಂದು ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯುತ್ತಿದ್ದರು. ಕಾರಿನ ಸ್ವಂತ ಸ್ಪೀಡೋಮೀಟರು ಎಷ್ಟು ಜಂಬ ಕೊಚ್ಚುತ್ತದೆಂಬುದನ್ನೂ ಪ್ರತ್ಯೇಕ ಕೋಷ್ಟಕದಲ್ಲಿ ಅಚ್ಚು ಹಾಕುತ್ತಿದ್ದರು. ಹವೆ ಹೇಗಿತ್ತು, ರಸ್ತೆ ಒಣಗಿತ್ತೇ, ಕಾರಿನಲ್ಲಿ ಎಷ್ಟು ತೂಕವಿತ್ತು ಎಂಬುದೆಲ್ಲ ಅದೇ ಪುಟದಲ್ಲಿರುತ್ತದೆ. ನಾನು ಹಳೆಯ ಸಂಚಿಕೆಯನ್ನು ತೆರೆದಾಗ ಲೇಖನಕ್ಕಿಂತ ಮೊದಲು ಓದುವುದು ಈ ಅಂಕಿಅಂಶದ ಪುಟವನ್ನೇ.

ಬೇರೆ ಬೇರೆ ದೇಶಗಳ ಪತ್ರಿಕೆಗಳನ್ನು ಹೋಲಿಸುವಾಗ ನಾನೇ ಮೊದಮೊದಲು ಬೇಸ್ತು ಬಿದ್ದಿದ್ದೇನೆ. ಬ್ರಿಟನ್ನಿನ ಗ್ಯಾಲನ್ 4.546 ಲೀಟರಿನದು, ಅಮೆರಿಕದ್ದು 3.785 ಲೀಟರಿನದು, ಇದು ಗೊತ್ತಿಲ್ಲದೆ ಓದಿದರೆ ಒಂದೇ ಕಾರು ಅಟ್ಲಾಂಟಿಕ್ ದಾಟಿದೊಡನೆ ಹೆಚ್ಚು ಪೆಟ್ರೋಲ್ ಕುಡಿಯತೊಡಗಿದಂತೆ ಕಾಣುತ್ತದೆ. ಅಶ್ವಶಕ್ತಿಯ ಗೋಜಲು ಇದಕ್ಕೂ ದೊಡ್ಡದು. ಬಿಎಂಡಬ್ಲ್ಯೂ 2002 ಕಾರಿಗೆ ಜರ್ಮನಿಯ ಡಿಐಎನ್ ಮಾನದಂಡದ ಲೆಕ್ಕದಲ್ಲಿ 100 ಅಶ್ವಶಕ್ತಿ; ಅಮೆರಿಕದ ಅಂದಿನ ಎಸ್‌ಎಇ ಲೆಕ್ಕದಲ್ಲಿ, ಸೈಲೆನ್ಸರ್ ಮುಂತಾದ ಹೊರೆಗಳನ್ನು ಕಳಚಿ ಎಂಜಿನನ್ನು ಅಳೆಯುತ್ತಿದ್ದುದರಿಂದ, 113ರ ಆಸುಪಾಸು. ಇ-ಟೈಪ್‌ನ ಪ್ರಸಿದ್ಧ 265 ಅಶ್ವಶಕ್ತಿಯೂ ಇಂಥ ಧಾರಾಳದ ಲೆಕ್ಕದ್ದೇ. ಇನ್ನು ಬ್ರಿಟಿಷರು ಸೊನ್ನೆಯಿಂದ 60 ಮೈಲಿಗೆ, ಜರ್ಮನ್ನರು ಸೊನ್ನೆಯಿಂದ 100 ಕಿಲೋಮೀಟರಿಗೆ ಪಿಕಪ್ ಅಳೆಯುತ್ತಿದ್ದರು. ಇವುಗಳ ನಡುವಿನ ಅಂತರ ಮೂರೂವರೆ ಕಿಲೋಮೀಟರ್ ಮಾತ್ರ; ಆದರೆ ಕಾರಿನ ಎರಡನೆಯ ಗೇರು 98ಕ್ಕೇ ಮುಗಿದುಹೋಗುವುದಾದರೆ, ಆ ಮೂರೂವರೆ ಕಿಲೋಮೀಟರಿನೊಳಗೆ ಗೇರು ಬದಲಿಸುವ ಹೊತ್ತೂ ಸೇರಿಕೊಳ್ಳುತ್ತದೆ.

ಮೈಲೇಜಿನ ವಿಷಯದಲ್ಲಿ ‘ಮೋಟಾರ್’ ಪತ್ರಿಕೆಯದು ಒಂದು ಸ್ವಾರಸ್ಯಕರ ಪದ್ಧತಿ. ಪರೀಕ್ಷೆಯುದ್ದಕ್ಕೂ ನಿಜವಾಗಿ ಖರ್ಚಾದ ಪೆಟ್ರೋಲಿನ ಲೆಕ್ಕ ಒಂದು. ಅದರ ಜೊತೆಗೆ, ಗಂಟೆಗೆ 30 ಮೈಲಿಗೂ ಗರಿಷ್ಠ ವೇಗಕ್ಕೂ ನಟ್ಟನಡುವಿನ ವೇಗದಲ್ಲಿ ಒಂದೇ ಸಮನೆ ಓಡಿದಾಗ ಸಿಗುವ ಮೈಲೇಜಿನಿಂದ, ವೇಗ ಹೆಚ್ಚಿಸುವಾಗಿನ ಖರ್ಚಿಗೆಂದು ಶೇಕಡಾ 5ರಷ್ಟು ಕಳೆದು, ಪ್ರವಾಸದ ಮೈಲೇಜು ಎಂದು ಇನ್ನೊಂದು ಅಂಕಿ ಕೊಡುತ್ತಿದ್ದರು. ಮೊದಲನೆಯದು ಪತ್ರಕರ್ತರು ಕಾರನ್ನು ಎಷ್ಟು ನಿರ್ದಯವಾಗಿ ಓಡಿಸಿದರೆಂಬುದನ್ನೂ ಹೇಳುತ್ತದೆ.

ಈಗ ದೂರುಗಳಿಗೆ ಬರೋಣ. ನನ್ನ ಮಟ್ಟಿಗೆ ಈ ವರದಿಗಳ ನಿಜವಾದ ಸತ್ವ ಇರುವುದು ಇಲ್ಲಿ. ಇ-ಟೈಪ್‌ಗೆ ತೆರಿಗೆಯೂ ಸೇರಿ ಎರಡು ಸಾವಿರ ಪೌಂಡಿಗಿಂತ ಸ್ವಲ್ಪ ಹೆಚ್ಚಿನ ಬೆಲೆ, ಆಸ್ಟನ್ ಮಾರ್ಟಿನ್ ಡಿಬಿ4ಗೆ ಹೆಚ್ಚುಕಡಿಮೆ ಅದರ ಎರಡರಷ್ಟು. ಹೀಗಿರುವಾಗ ಬರೆದವರೆಲ್ಲ ಮರುಳಾದದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಗೇರ್‌ಬಾಕ್ಸು ನಿಧಾನದ್ದು, ಮೊದಲ ಗೇರಿಗೆ ಸಿಂಕ್ರೋಮೆಷ್ (ಗೇರು ಕರಕರ ಎನ್ನದೆ ಬೀಳಲು ನೆರವಾಗುವ ಏರ್ಪಾಡು) ಇಲ್ಲ, ಸೀಟುಗಳು ದೂರದ ಪ್ರಯಾಣಕ್ಕೆ ಹಿತವಲ್ಲ, ಅಷ್ಟು ವೇಗದ ಕಾರಿಗೆ ಬ್ರೇಕು ಸಾಲದು ಎಂಬ ಮಾತುಗಳು ಅಂದಿನ ವಿಮರ್ಶೆಗಳಲ್ಲಿ ಮತ್ತೆಮತ್ತೆ ಬಂದವು. 1964ರಲ್ಲಿ 4.2 ಲೀಟರಿನ ಮಾದರಿ ಬಂದಾಗ ಜಾಗ್ವಾರ್ ಬದಲಿಸಿದ್ದು ಏನನ್ನು? ನಾಲ್ಕೂ ಗೇರುಗಳಿಗೆ ಸಿಂಕ್ರೋಮೆಷ್ ಇರುವ ಹೊಸ ಗೇರ್‌ಬಾಕ್ಸು, ಹೊಸ ಸೀಟು, ಬ್ರೇಕ್ ಒತ್ತಲು ಬಲ ಕೊಡುವ ಸರ್ವೋದ ಸುಧಾರಿಸಿದ ರೂಪ. ಅಶ್ವಶಕ್ತಿ ಮಾತ್ರ ಕಾಗದದ ಮೇಲೆ ಅದೇ 265. ಅಂದರೆ ಹೊಗಳಿಕೆಯ ನಡುವೆ ಸಂಕೋಚದಿಂದಲೇ ಸೇರಿಸಿದ ಆ ಗೊಣಗಾಟಗಳು, ಮುಖಪುಟದ 150 ಮೈಲಿಗಿಂತ ಹೆಚ್ಚು ಕರಾರುವಾಕ್ಕಾಗಿದ್ದವು.

ಆದರೆ ವರದಿಗಾರನ ಕಣ್ಣಿಗೆ ಬೀಳಲು ಸಾಧ್ಯವೇ ಇಲ್ಲದ ದೋಷಗಳೂ ಇದ್ದವು. 1959ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಮಿನಿಯ ನೆಲದ ತಗಡುಗಳ ಬೆಸುಗೆಯ ಜೋಡಣೆ ಉಲ್ಟಾ ಇದ್ದುದರಿಂದ ಮಳೆಯಲ್ಲಿ ಓಡಿಸಿದರೆ ನೀರು ಒಳನುಗ್ಗಿ ಕಾಲಡಿಯ ಹಾಸು ತೊಯ್ಯುತ್ತಿತ್ತು. ಇಂಗ್ಲೆಂಡಿನಲ್ಲಿ ಆ ವರ್ಷದ ಬೇಸಿಗೆ ಒಣಬೇಸಿಗೆಯಾಗಿದ್ದರಿಂದ ಅದು ಮೊದಲೇ ಯಾರ ಗಮನಕ್ಕೂ ಬರಲಿಲ್ಲ. ಇದಕ್ಕಿಂತ ದಾರುಣವಾದದ್ದು ಜರ್ಮನಿಯ ಎನ್‌ಎಸ್‌ಯು ಆರ್‌ಒ 80ರ ಕಥೆ. 1967ರಲ್ಲಿ ಬಂದ ಆ ಕಾರಿನಲ್ಲಿ ಪಿಸ್ಟನ್ನುಗಳ ಬದಲು ಎರಡು ತಿರುಗು ರೋಟರುಗಳ ವಾಂಕೆಲ್ ಎಂಜಿನ್, 115 ಅಶ್ವಶಕ್ತಿ, ಗಾಳಿಯನ್ನು ಸೀಳಿಕೊಂಡು ಹೋಗುವ ಮೈಕಟ್ಟು; ಗೇರಿನ ಹಿಡಿಯನ್ನು ಮುಟ್ಟಿದರೆ ಸಾಕು, ಕ್ಲಚ್ಚು ತಾನಾಗಿಯೇ ಬಿಡುತ್ತಿತ್ತು. ಓಡಿಸಿದವರು ಅದರ ನಯವನ್ನು ಹಾಡಿ ಹೊಗಳಿದರು, ಯುರೋಪಿನ ಪತ್ರಕರ್ತರು 1968ರ ವರ್ಷದ ಕಾರು ಪ್ರಶಸ್ತಿಯನ್ನೂ ಕೊಟ್ಟರು. ರೋಟರಿನ ತುದಿಗಳಲ್ಲಿದ್ದ ಸೀಲುಗಳು ಬೇಗನೆ ಸವೆಯುತ್ತವೆಂಬುದು ಕೊಂಡವರಿಗೆ ಮಾತ್ರ ತಿಳಿಯಿತು. ಆರ್‌ಒ 80ರ ಮಾಲೀಕರು ರಸ್ತೆಯಲ್ಲಿ ಎದುರಾದರೆ, ತಾವು ಇದುವರೆಗೆ ಎಷ್ಟು ಎಂಜಿನ್ ಬದಲಿಸಿದೆವೆಂದು ಬೆರಳೆತ್ತಿ ತೋರಿಸಿಕೊಳ್ಳುತ್ತಿದ್ದರೆಂಬ ನಗೆಮಾತು ಹುಟ್ಟಿಕೊಂಡಿತು. ಪತ್ರಕರ್ತರು ಸುಳ್ಳು ಬರೆಯಲಿಲ್ಲ. ಕೆಲವೇ ದಿನಗಳ ಮಟ್ಟಿಗೆ ಕೈಗೆ ಬಂದ ಕಾರಿನಲ್ಲಿ ವರ್ಷಗಳ ಸವೆತ ಕಾಣುವುದಾದರೂ ಹೇಗೆ? ಹೀಗಾಗಿ, ಕಚೇರಿಯವರೇ ಇಟ್ಟುಕೊಂಡು ಹತ್ತುಹನ್ನೆರಡು ಸಾವಿರ ಮೈಲಿ ಓಡಿಸಿ ಬರೆದ ದೀರ್ಘಾವಧಿಯ ವರದಿಗಳು ಸಿಕ್ಕರೆ ಬಿಡಬೇಡಿ. ‘ಆಟೋಕಾರ್’ ಸೆಕೆಂಡ್‌ಹ್ಯಾಂಡ್ ಕಾರುಗಳನ್ನೂ ಪರೀಕ್ಷಿಸಿ ಬರೆಯುತ್ತಿತ್ತು. ಯಾವ ಕಾರಿಗೆ ಎಲ್ಲಿ ತುಕ್ಕು ಹಿಡಿಯುತ್ತದೆ, ಏನು ಸಡಿಲಾಗುತ್ತದೆ ಎಂಬುದು ನನಗೆ ತಿಳಿದದ್ದು ಹೆಚ್ಚಾಗಿ ಆ ಪುಟಗಳಿಂದ.

ಒಣ ಅಂಕಿಯೊಂದು ಜೀವ ತಳೆದ ಸಂದರ್ಭವನ್ನೂ ಹೇಳಿಬಿಡುತ್ತೇನೆ. 1959ರ ಟ್ರಯಂಫ್ ಹೆರಾಲ್ಡ್ ತಿರುಗಲು 25 ಅಡಿ ವ್ಯಾಸದ ಜಾಗ ಸಾಕೆಂಬುದನ್ನು ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಮಲ್ಲೇಶ್ವರದ ಅಡ್ಡರಸ್ತೆ. ಚಿಕ್ಕಪ್ಪನವರಲ್ಲಿ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಎದುರುಮನೆಯ ಅಂಬಾಸಿಡರು ಎರಡು ಸಲ ರಿವರ್ಸ್ ತೆಗೆದು ತಿರುಗುತ್ತಿದ್ದ ಜಾಗದಲ್ಲಿ, ಅವರು ಸ್ಟಿಯರಿಂಗನ್ನು ಒಂದೇ ಸಲ ಪೂರ್ತಿ ತಿರುಗಿಸಿ, ನಮ್ಮತ್ತ ಒಮ್ಮೆ ನೋಡಿ, ಹೊರಟುಬಿಡುತ್ತಿದ್ದರು.

ಅದೇ ಕಾರುಗಳನ್ನು ಇಂದು ಮತ್ತೆ ಓಡಿಸಿ ಬರೆಯುವ ಲೇಖನಗಳಿಗಿಂತ ಹಳೆಯ ವರದಿಯೇ ವಾಸಿಯೇ ಎಂದು ನೀವು ಮುಂದೆ ಕೇಳಬಹುದು. ಕಾರನ್ನು ಅರಿಯುವುದಕ್ಕಾದರೆ ಹೌದು. 9600 ಎಚ್‌ಪಿ ಇಂದಿಗೂ ಉಳಿದಿದೆ, ಪುನರುಜ್ಜೀವನಗೊಂಡು ಓಡಾಡುತ್ತಿದೆ. ಆದರೆ ಇಂಥ ಕಾರುಗಳಲ್ಲಿ ಹಲವಕ್ಕೆ ಈಗ ಇರುವುದು ಹೊಸ ಕಾಲದ ಟೈರು, ಸೀಸವಿಲ್ಲದ ಪೆಟ್ರೋಲು, ಮೂಲಕ್ಕಿಂತ ನಾಜೂಕಾಗಿ ಕಟ್ಟಿದ ಎಂಜಿನ್. ಮೇಲಾಗಿ ಅದರ ಇಂದಿನ ಬೆಲೆ ನೆನೆದು ಓಡಿಸುವವನ ಕಾಲು ಆಕ್ಸಿಲರೇಟರಿನ ಮೇಲೆ ಅರ್ಧಕ್ಕೇ ನಿಲ್ಲುತ್ತದೆ. ಅಂದಿನವರಿಗೆ ಅದು ಸೋಮವಾರ ವಾಪಸು ಕೊಡಬೇಕಾದ ಇನ್ನೊಂದು ಹೊಸ ಕಾರು, ಅಷ್ಟೆ.

ಕಟ್ಟನ್ನು ಧಾರಾಳವಾಗಿ ಕೊಳ್ಳಿ, ಆದರೆ ಹಗ್ಗ ಬಿಚ್ಚಿಸಿ ನೋಡಿದ ಮೇಲೆ ಚೌಕಾಸಿ ಮಾಡಿ. ಗೋಡೆಗೆ ಅಂಟಿಸಲು ಯಾರೋ ಹುಡುಗ ಕಾರಿನ ಚಿತ್ರವನ್ನು ಕತ್ತರಿಸಿಕೊಂಡಿರುತ್ತಾನೆ. ಅಂಕಿಅಂಶದ ಪುಟ ಎಷ್ಟೋ ಸಲ ಅದೇ ಚಿತ್ರದ ಹಿಂಬದಿಯಲ್ಲಿರುತ್ತದೆ.