ಬೆಳ್ಳಿ ಚಮಚ ಕಪ್ಪಾಗಲಿಲ್ಲ, ಈ ಅಣಬೆ ತಿನ್ನಬಹುದಾ?

ಪ್ರಶ್ನೆ: ನಾನು ಬಾಗಲಕೋಟೆ ಕಡೆಯವಳು. ಕೆಲಸಕ್ಕೆಂದು ಖಾನಾಪುರಕ್ಕೆ ಬಂದ ಮೇಲೆ ಇದು ಮೊದಲ ಮಳೆಗಾಲ. ಪಕ್ಕದ ಮನೆಯ ಆಯಿ ಹುತ್ತದ ಅಣಬೆ ತಂದು ಪಲ್ಯ ಮಾಡಿ ಕೊಟ್ಟಿದ್ದರು, ರೊಟ್ಟಿ ಜೊತೆ ಬಹಳ ರುಚಿ. ಮೊನ್ನೆ ಕಾಡಿನ ಅಂಚಿನಲ್ಲಿ ನನಗೂ ಅಂಥವೇ ಬಿಳಿ ಅಣಬೆ ಸಿಕ್ಕವು. ಬೆಳ್ಳಿ ಚಮಚ ಹಾಕಿ ಕುದಿಸಿದೆ, ಕಪ್ಪಾಗಲಿಲ್ಲ. ಹುಳವೂ ತಿಂದಿದೆ. ಫೋಟೊ ಕಳಿಸಿದ್ದೇನೆ. ತಿನ್ನಬಹುದಾ?

ಉತ್ತರ: ಬೇಡ ಅಕ್ಕಾ, ಒಂದು ಚೂರೂ ಬಾಯಿಗೆ ಹಾಕಬೇಡಿ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ, ಮೊಟ್ಟೆ ತಾಗಿದರೂ ಆಗುತ್ತದೆ. ಅದರಿಂದ ಅಣಬೆಯ ವಿಷ ಗೊತ್ತಾಗುವುದಿಲ್ಲ. ಬೆಳ್ಳುಳ್ಳಿ ಹಾಕಿ ನೋಡುವುದೂ ಅಷ್ಟೇ. ಇನ್ನು ಹುಳ, ನಮ್ಮ ಜೀವ ತೆಗೆಯುವ ಅಣಬೆಯನ್ನೂ ಅದು ತಿಂದು ಅರಗಿಸಿಕೊಳ್ಳುತ್ತದೆ.

ನಿಮ್ಮ ಫೋಟೊದಲ್ಲಿ ಕೊಡೆಯ ಮೇಲ್ಭಾಗ ಮಾತ್ರ ಕಾಣುತ್ತಿದೆ. ಗುರುತು ಸಿಗುವುದು ಬುಡದಲ್ಲಿ, ಮಣ್ಣಿನೊಳಗೆ. ನೀವು ದಂಟು ಮುರಿದು ತಂದಿದ್ದೀರಿ, ಅಲ್ವಾ? ಆಯಿ ತಂದದ್ದು ಗೆದ್ದಲು ತನ್ನ ಗೂಡಿನೊಳಗೆ ಬೆಳೆಸುವ ಅಣಬೆ, ಮಳೆ ಬಿದ್ದಾಗ ಅದು ನೆಲ ಸೀಳಿಕೊಂಡು ಮೇಲೆ ಬರುತ್ತದೆ, ಹಾಗಾಗಿ ಸಾಮಾನ್ಯವಾಗಿ ಅದರ ದಂಟು ಬೇರಿನ ಹಾಗೆ ಗೂಡಿನ ತನಕ ಇಳಿದಿರುತ್ತದೆ, ಕೊಡೆಯ ನಡುವೆ ಒಂದು ಮೊನೆ ಇರುತ್ತದೆ. ಅಮಾನಿಟಾ ಎಂಬ ಗುಂಪಿನ ಕೊಲ್ಲುವ ಅಣಬೆಗಳಲ್ಲೂ ಬಿಳಿಯವು ಇವೆ. ಅವುಗಳ ಬುಡ ಒಂದು ಸಣ್ಣ ಚೀಲದಲ್ಲಿ ಕೂತಂತೆ ಇರುತ್ತದೆ, ದಂಟಿಗೆ ಉಂಗುರ ಇರುತ್ತದೆ. ದಂಟು ಮುರಿದರೆ ಆ ಚೀಲ ಮಣ್ಣಲ್ಲೇ ಉಳಿಯುತ್ತದೆ.

ಕಲಿಯುವ ಆಸೆ ಇದ್ದರೆ ಇನ್ನೊಂದು ಮಾಡಿ ನೋಡಿ. ಹಸಿ ಅಣಬೆಯ ಕೊಡೆ ಕತ್ತರಿಸಿ, ಕೊಡೆಯ ಅಡಿಯಲ್ಲಿರುವ ಪದರ ಕೆಳಗೆ ಬರುವಂತೆ ಕಾಗದದ ಮೇಲಿಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಅರ್ಧ ಬಿಳಿ, ಅರ್ಧ ಕಪ್ಪು ಕಾಗದ ಒಳ್ಳೆಯದು. ಬೆಳಿಗ್ಗೆ ಪುಡಿ ಉದುರಿರುತ್ತದೆ. ಹುತ್ತದ ಅಣಬೆಯದು ನಸುಗುಲಾಬಿ, ಅಮಾನಿಟಾದ್ದು ಬಿಳಿ. ಹೊಲ, ಹುಲ್ಲುಗಾವಲಿನಲ್ಲಿ ಏಳುವ ದೊಡ್ಡ ಕೊಡೆಯ ಒಂದು ಅಣಬೆ ಹಸಿರು ಪುಡಿ ಬಿಡುತ್ತದೆ, ಅದನ್ನು ತಿಂದರೆ ಕೆಲವೇ ಗಂಟೆಯಲ್ಲಿ ವಾಂತಿ, ಭೇದಿ ಜೋರಾಗುತ್ತದೆ. ಆದರೆ ಗುಲಾಬಿ ಬಂತು ಅಂತ ಸುಮ್ನೆ ಒಲೆಗೆ ಹಾಕಬೇಡಿ, ವಿಷದ ಕೆಲವು ಅಣಬೆಗೂ ಅದೇ ಬಣ್ಣ ಇದೆ.

ನನಗೆ ಜಾಸ್ತಿ ಭಯ ಅಮಾನಿಟಾದ್ದೇ. ಎಷ್ಟು ಕುದಿಸಿದರೂ ಆ ವಿಷ ಹೋಗುವುದಿಲ್ಲ. ತಿಂದು 6 ಗಂಟೆ, ಕೆಲವೊಮ್ಮೆ 24 ಗಂಟೆಯವರೆಗೆ ಏನೂ ಅನಿಸುವುದಿಲ್ಲ, ಆಮೇಲೆ ವಾಂತಿ ಭೇದಿ ಶುರುವಾಗಿ, ಒಂದು ದಿನ ಎಲ್ಲ ಸರಿಹೋದಂತೆ ಕಾಣುತ್ತದೆ, ಅಷ್ಟರಲ್ಲಿ ಒಳಗೆ ಲಿವರ್ ಹಾಳಾಗುತ್ತಿರುತ್ತದೆ. ಮನೆಯಲ್ಲಿ ಯಾರಾದರೂ ಈಗಾಗಲೇ ತಿಂದಿದ್ದರೆ ವಾಂತಿ ಬರಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ದೊಡ್ಡ ಆಸ್ಪತ್ರೆಗೆ ಹೊರಡಿ.

ಯಾರೂ ತಿಂದಿಲ್ಲವಾದರೆ, ಕುದಿಸಿದ್ದನ್ನು ದನ, ನಾಯಿ ಮುಟ್ಟದಂತೆ ಗುಂಡಿ ತೆಗೆದು ಮುಚ್ಚಿ. ಮುಂದಿನ ಸಲ ಆಯಿ ಹೊರಟಾಗ ನೀವೂ ಜೊತೆಗೆ ಹೋಗಿ, ಬುಡಸಮೇತ ಹೇಗೆ ಎತ್ತುತ್ತಾರೆ ನೋಡಿ. ಭೀಮಗಡ ವನ್ಯಜೀವಿಧಾಮದ ಒಳಗೆ ಮಾತ್ರ ಬೇಡ, ಅಲ್ಲಿಂದ ಅನುಮತಿ ಇಲ್ಲದೆ ಏನನ್ನೂ ತರುವಂತಿಲ್ಲ.